ಒಂದು ರಾತ್ರಿ ಮಲಗಿದ್ರೆ ಎಷ್ಟು ಗಾಯ ಮಾಯುತ್ತೆ?

(1/7) 🎲
ಗುಹೆಯೊಳಗೆ ನಾಲ್ಕು ಜನ. ಒಬ್ಬನಿಗೆ ಕತ್ತಿ ಏಟು ಬಿದ್ದಿದೆ. ಬಾಗಿಲಾಚೆ ಏನೋ ಉಸಿರಾಡ್ತಿದೆ. ಮುಂದೆ ಹೋಗೋದಾ, ವಾಪಸ್ ಬರೋದಾ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿದವರಿಗೆ ಈ ಕ್ಷಣ ಚೆನ್ನಾಗಿ ಗೊತ್ತು. ಆಡದವರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ: ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತಾ, ಎಲ್ಲರೂ ಸೇರಿ ಕಥೆ ಕಟ್ಟುವ ಆಟ ಇದು. ಒಬ್ಬರು ಆ ಲೋಕವನ್ನೂ ರಾಕ್ಷಸರನ್ನೂ ನಡೆಸ್ತಾರೆ, ಅವರೇ ಡಿಎಂ. ಉಳಿದವರಿಗೆ ಒಂದೊಂದು ಪಾತ್ರ. ಪಾತ್ರದಲ್ಲಿ ಇನ್ನೆಷ್ಟು ಜೀವ ಉಳಿದಿದೆ ಅಂತ ಹೇಳೋ ಅಂಕಿಯೇ ಹಿಟ್ ಪಾಯಿಂಟ್.

ಮುಂದೆ ಹೋಗೋದಾ ಅನ್ನೋದು ಬರೀ ಧೈರ್ಯದ ಪ್ರಶ್ನೆ ಅಂದ್ಕೋಬೇಡಿ. ಗಾಯ ಎಷ್ಟು ಬೇಗ ಮಾಯುತ್ತೆ ಅನ್ನೋ ನಿಯಮವೇ ಅದನ್ನ ಅರ್ಧ ತೀರ್ಮಾನಿಸಿರುತ್ತೆ. ಇವತ್ತು ಆ ನಿಯಮದ 50 ವರ್ಷದ ಕಥೆ.

(2/7) ⚓
1971ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 'ಚೈನ್‌ಮೇಲ್' ಅನ್ನೋ ಯುದ್ಧದಾಟದ ನಿಯಮ ತಂದರು. ಅದರಲ್ಲಿ ಸಾಮಾನ್ಯ ಸೈನಿಕನಿಗೆ ಒಂದು ಏಟು ತಾಗಿದ್ರೆ ಮುಗೀತು. ದೊಡ್ಡ ಕದನದಲ್ಲಿ ಒಂದು ಬೊಂಬೆ ಅಂದ್ರೆ 20 ಜನ. ಅದಕ್ಕೆ ಯಾರು ಅಳ್ತಾರೆ?

ಆದರೆ ಮಿನೆಸೋಟಾದಲ್ಲಿ ಡೇವ್ ಆರ್ನೆಸನ್ ನಡೆಸ್ತಿದ್ದ 'ಬ್ಲ್ಯಾಕ್‌ಮೂರ್' ಆಟದಲ್ಲಿ ಒಬ್ಬ ಆಟಗಾರನಿಗೆ ಒಂದೇ ಪಾತ್ರ. ಆ ಪಾತ್ರದ ಮೇಲೆ ಪ್ರೀತಿ ಹುಟ್ಟಿಬಿಡ್ತು. ಒಂದೇ ಏಟಿಗೆ ಸಾಯೋದು ಯಾರಿಗೂ ಬೇಡ. ಆಗ ಆರ್ನೆಸನ್, ತಾನು ಮೊದಲೇ ಮಾಡಿದ್ದ ಅಮೆರಿಕದ ಅಂತರ್ಯುದ್ಧದ ಉಕ್ಕಿನ ಹಡಗುಗಳ ಆಟದಿಂದ ಹಿಟ್ ಪಾಯಿಂಟ್ ತಂದರು. ಅವರೇ ಸಂದರ್ಶನದಲ್ಲಿ ಹೇಳಿದ ಮಾತಿದು. ಹಡಗು ಒಂದೇ ಗುಂಡಿಗೆ ಮುಳುಗಲ್ಲ, ಅಲ್ವಾ? ವೀರನೂ ಹಾಗೇ.

ಸರಿ, ಹಡಗನ್ನ ದಡಕ್ಕೆ ತಂದು ರಿಪೇರಿ ಮಾಡಬಹುದು. ಮನುಷ್ಯನಿಗೆ ಏನು ಮಾಡೋದು?

(3/7) 🛏️
1974ರಲ್ಲಿ ಮೂರು ಪುಟ್ಟ ಪುಸ್ತಕಗಳಾಗಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂತು. ಅದರ ಉತ್ತರ ಕಟು. ಪೂರ್ತಿ ವಿಶ್ರಾಂತಿಯ ಮೊದಲ ದಿನ ಏನೂ ಸಿಗಲ್ಲ. ಆಮೇಲೆ ದಿನ ಬಿಟ್ಟು ದಿನ ಒಂದೇ ಒಂದು ಪಾಯಿಂಟ್. ಹತ್ತು ಕಳ್ಕೊಂಡ್ರೆ ಸುಮಾರು ಮೂರು ವಾರ ಹಾಸಿಗೆ. ಮಂತ್ರದಿಂದ ಗಾಯ ಮಾಯಿಸೋ ಕ್ಲೆರಿಕ್ ಇದ್ದ, ನಿಜ. ಆದರೆ ಮೊದಲ ಹಂತದ ಕ್ಲೆರಿಕ್‌ಗೆ ಒಂದು ಮಂತ್ರವೂ ಇರಲಿಲ್ಲ!

1979ರ ಅಡ್ವಾನ್ಸ್‌ಡ್ ಆವೃತ್ತಿಯಲ್ಲಿ ದಿನಕ್ಕೆ ಒಂದು ಪಾಯಿಂಟ್. ನಾಲ್ಕು ವಾರ ಬಿಡದೆ ಮಲಗಿದ್ರೆ ಪೂರ್ತಿ ವಾಸಿ.

ಇದರಿಂದ ಏನಾಯ್ತು ನೋಡಿ. ನಿಮ್ಮ ವೀರ ಹಾಸಿಗೆ ಹಿಡಿದಿದ್ದರೂ ಆ ಲೋಕದ ಕ್ಯಾಲೆಂಡರ್ ನಿಲ್ಲಲ್ಲ. ಅಷ್ಟರಲ್ಲಿ ನೀವು ಇನ್ನೊಂದು ಪಾತ್ರ ಹಿಡ್ಕೊಂಡು ಆಡ್ತೀರಿ. ಮೇಲಾಗಿ, ಆಗ ಅನುಭವದ ಅಂಕ ಹೆಚ್ಚಾಗಿ ಬರ್ತಿದ್ದಿದ್ದು ಕೊಂದ ರಾಕ್ಷಸರಿಂದ ಅಲ್ಲ, ಹೊತ್ತು ತಂದ ಚಿನ್ನದಿಂದ. ಹಾಗಾಗಿ ಲಂಚ ಕೊಡೋದು, ಕದ್ದು ನುಸುಳೋದು, ಸಮಯ ನೋಡಿ ಓಡಿಹೋಗೋದು ಹೇಡಿತನ ಅನ್ನಿಸ್ತಿರಲಿಲ್ಲ. ಆಟದ ಜಾಣತನವೇ ಅದು.

(4/7) 🤔
ಅದೇ 1979ರ ಪುಸ್ತಕದಲ್ಲಿ ಗೈಗ್ಯಾಕ್ಸ್ ಇನ್ನೊಂದು ವಿಷಯ ವಿವರಿಸಿದರು: ಹಿಟ್ ಪಾಯಿಂಟ್ ಅಂದ್ರೆ ಬರೀ ರಕ್ತ ಮಾಂಸ ಅಲ್ಲ. ಅದರಲ್ಲಿ ಕೌಶಲ ಇದೆ, ಅದೃಷ್ಟ ಇದೆ, ದೈವಕೃಪೆಯೂ ಇದೆ.

ಒಳ್ಳೇದು. ಆದರೆ ಅದೃಷ್ಟ ವಾಪಸ್ ಬರೋಕೆ ನಾಲ್ಕು ವಾರ ಯಾಕೆ ಮಲಗಬೇಕು? ಈ ಗಂಟು ಅಲ್ಲೇ ಬಿತ್ತು, ಇನ್ನೂ ಪೂರ್ತಿ ಬಿಚ್ಚಿಲ್ಲ.

ಇದರ ಭಾರವೆಲ್ಲ ಬಿದ್ದಿದ್ದು ಕ್ಲೆರಿಕ್ ಮೇಲೆ. "ಈ ಸಲ ಕ್ಲೆರಿಕ್ ಯಾರಪ್ಪಾ?" ಅಂದಾಗ ಎಲ್ಲರೂ ಸೂರು ನೋಡೋದು. ಗಲ್ಲಿ ಕ್ರಿಕೆಟ್‌ನಲ್ಲಿ ಚಿಕ್ಕವನನ್ನ ಯಾವಾಗಲೂ ಫೀಲ್ಡಿಂಗ್‌ಗೇ ನಿಲ್ಲಿಸಿದ ಹಾಗೆ, ತಡವಾಗಿ ಬಂದವನಿಗೆ ಆ ಪಾತ್ರ.

(5/7) 📣
2000ದ ಮೂರನೇ ಆವೃತ್ತಿಯಲ್ಲಿ ಒಂದು ರಾತ್ರಿ ಮಲಗಿದ್ರೆ ನಿಮ್ಮ ಹಂತದಷ್ಟು ಪಾಯಿಂಟ್ ವಾಪಸ್. ನಿಜವಾದ ಬದಲಾವಣೆ ಅಂಗಡೀಲಿತ್ತು: ಗಾಯ ಮಾಯಿಸೋ ಮಂತ್ರದಂಡ, 750 ಚಿನ್ನದ ನಾಣ್ಯಕ್ಕೆ 50 ಸಲ. ಜಗಳ ಮುಗಿದ ಮೇಲೆ ಒಂದೈದಾರು ಸಲ ತಾಗಿಸಿದ್ರೆ ಎಲ್ಲರೂ ಫ್ರೆಶ್. ನಿಧಾನ ಪುಸ್ತಕದಲ್ಲಿ ಉಳೀತು, ದುಡ್ಡು ಅದನ್ನ ಅಳಿಸಿಹಾಕ್ತು.

2008ರ ನಾಲ್ಕನೇ ಆವೃತ್ತಿ ಇದನ್ನ ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡಿತು. ಪ್ರತಿ ಪಾತ್ರದ ಹತ್ರ ತನ್ನದೇ 'ಹೀಲಿಂಗ್ ಸರ್ಜ್', ಒಂದಕ್ಕೆ ಕಾಲು ಭಾಗ ಜೀವ. ಆರು ಗಂಟೆ ವಿಶ್ರಾಂತಿಗೆ ಎಲ್ಲಾ ವಾಪಸ್. ಮಂತ್ರವೇ ಗೊತ್ತಿಲ್ಲದ 'ವಾರ್‌ಲಾರ್ಡ್' ಹುರಿದುಂಬಿಸಿದ್ರೆ ಸಾಕು, ಬಿದ್ದವನು ಏಳ್ತಾನೆ.

"ಕೂಗಿದ್ರೆ ಗಾಯ ಮುಚ್ಚುತ್ತಾ?" ಅಂತ ಒಂದು ಗುಂಪು ರೇಗಿತು. "ಹಿಟ್ ಪಾಯಿಂಟ್ ಅಂದ್ರೆ ಎದೆಗಾರಿಕೆಯೂ ಹೌದಲ್ವಾ, ಯಾಕೆ ಏಳಬಾರದು?" ಅಂತ ಇನ್ನೊಂದು ಗುಂಪು. 1979ರ ಗಂಟು 29 ವರ್ಷ ಆದ ಮೇಲೆ ಮತ್ತೆ ಕೈಗೆ ಸಿಕ್ತು.

(6/7) ⏳
2014ರ ಐದನೇ ಆವೃತ್ತಿ ಎರಡೂ ಕಡೆಗೆ ಜಾಗ ಮಾಡ್ತು. ಒಂದು ಗಂಟೆಯ ಚಿಕ್ಕ ವಿಶ್ರಾಂತಿಯಲ್ಲಿ ದಾಳ ಉರುಳಿಸಿ ಸ್ವಲ್ಪ ಜೀವ ಪಡೀಬಹುದು, 8 ಗಂಟೆಯ ದೊಡ್ಡ ವಿಶ್ರಾಂತಿಗೆ ಪೂರ್ತಿ ವಾಸಿ. ಬೇಕಾದ್ರೆ ಗಡಿಯಾರ ಬದಲಿಸ್ಕೊಳ್ಳಿ ಅಂತ ಡಿಎಂ ಪುಸ್ತಕದಲ್ಲೇ ಇದೆ: ಕಠಿಣ ಆಟಕ್ಕೆ ಚಿಕ್ಕ ವಿಶ್ರಾಂತಿ 8 ಗಂಟೆ, ದೊಡ್ಡದು 7 ದಿನ. ಪರಾಕ್ರಮದ ಆಟಕ್ಕೆ 5 ನಿಮಿಷ ಮತ್ತು 1 ಗಂಟೆ.

ರಾಕ್ಷಸರು ಅವರೇ, ಕತ್ತಿ ಅದೇ. ಗಡಿಯಾರ ಒಂದೇ ಬದಲಾಗಿದ್ದು, ಆದರೆ ಕಥೆಯೇ ಬೇರೆ. ಒಂದರಲ್ಲಿ ಪ್ರತಿ ಬಾಗಿಲಿಗೂ ಹೆದರ್ತೀರಿ, ಇನ್ನೊಂದರಲ್ಲಿ ಒದ್ದು ಒಳಗೆ ಹೋಗ್ತೀರಿ.

(7/7) 🕯️
ಈಗ ನನ್ನ ತಪ್ಪು ಹೇಳ್ತೀನಿ. ನಮ್ಮ ಭಾನುವಾರದ ಆಟಕ್ಕೆ ನಾನೇ ಡಿಎಂ. ಯಾರನ್ನೂ ಕೇಳದೆ 7 ದಿನದ ನಿಯಮ ತಂದೆ. ನನಗೆ ಆ ಹಳೇ ಭಯ ಬೇಕಿತ್ತು. ಒಬ್ಬ ಗೆಳೆಯನ ಪಾತ್ರಕ್ಕೆ ಮೊದಲ ಕದನದಲ್ಲೇ ಜೋರು ಏಟು ಬಿತ್ತು. ಕಥೆಯಲ್ಲಿ ಹಳ್ಳಿ ಮಕ್ಕಳನ್ನ ಬಿಡಿಸೋಕೆ ಇದ್ದಿದ್ದು ಐದೇ ದಿನ. ಅವನನ್ನ ಛತ್ರದಲ್ಲಿ ಮಲಗಿಸಿ ಉಳಿದವರು ಹೊರಟರು. ಎರಡು ಭಾನುವಾರ ಅವನು ಬೇರೆಯವರ ದಾಳ ನೋಡ್ತಾ ಕೂತ. ಮೂರನೇ ಭಾನುವಾರ ಬರಲಿಲ್ಲ.

ವಾರವಿಡೀ ಆಫೀಸಲ್ಲಿ ಬೇಯೋ ಮನುಷ್ಯ, ಮೂರು ಗಂಟೆ ವೀರನಾಗೋಕೆ ಬರ್ತಿದ್ದ. ಅವನ ಆಸೆ ತಪ್ಪಲ್ಲ, ನನ್ನದೂ ತಪ್ಪಲ್ಲ. ಕೇಳದೆ ಹೋದದ್ದು ತಪ್ಪು. 1979ರ ನಿಯಮ ನಡೀತಿದ್ದಿದ್ದು ಮಲಗಿದವನ ಕೈಗೆ ಇನ್ನೊಂದು ಪಾತ್ರ ಸಿಗ್ತಿದ್ದರಿಂದ. ನಾನು ಹಾಸಿಗೆ ಮಾತ್ರ ತಂದೆ, ಆ ಎರಡನೇ ಪಾತ್ರ ಕೊಡೋದು ಮರೆತೆ.

ಆಮೇಲೆ ಫೋನ್ ಮಾಡಿ ಕರೆದೆ. ಈಗ ಅವನ ಹತ್ರ ಎರಡು ಪಾತ್ರ. ಛತ್ರದಲ್ಲಿದ್ದವನು ಇನ್ನೂ ಕುಂಟ್ತಾನೆ 🙂

ನಿಮ್ಮ ಮೇಜಿನಲ್ಲಿ ಒಂದು ರಾತ್ರಿ ಮಲಗಿದ್ರೆ ಎಷ್ಟು ಗಾಯ ಮಾಯುತ್ತೆ? ಆಟ ಶುರು ಮಾಡೋಕೆ ಮುಂಚೆ ಕೇಳಿದ್ರಾ? ಕಾಮೆಂಟಲ್ಲಿ ಹೇಳಿ. ಹೊಸಬರನ್ನ ಆಟಕ್ಕೆ ಕರೀತಿರೋ ಗೆಳೆಯರಿಗೆ ಇದನ್ನ ಕಳಿಸಿ.

#ಆಟಗಳಇತಿಹಾಸ #ಡಂಜನ್ಸ್‌ಅಂಡ್‌ಡ್ರ್ಯಾಗನ್ಸ್ #ದಾಳ #ಕನ್ನಡದಲ್ಲಿಓದಿ