ಪಾರ್ಕಿನ್‌ಸನ್ ಕಾಯಿಲೆ: ಲಕ್ಷಣ ಗುರುತಿಸಿದ ಚರಿತ್ರೆ ಮತ್ತು ಕೇರಳ

ಮಿದುಳಿನಲ್ಲಿ ಚಲನೆಗೆ ಬೇಕಾದ ಡೋಪಮೀನ್ ಎಂಬ ರಾಸಾಯನಿಕ ತಯಾರಿಸುವ ಜೀವಕೋಶಗಳು ನಶಿಸುತ್ತ ಹೋಗಿ ಚಲನೆ ನಿಧಾನವಾಗುವ ನರರೋಗ. ಬಹುಪಾಲು ಅರುವತ್ತು ದಾಟಿದವರಲ್ಲಿ ಕಾಣಿಸಿಕೊಳ್ಳುತ್ತದೆ.

ಚರಿತ್ರೆ: ಆಯುರ್ವೇದ ಇಂಥ ನಡುಕವನ್ನು ಕಂಪವಾತವೆಂದು ಕರೆದು, ನಸುಗುನ್ನಿ ಬೀಜವನ್ನು ಔಷಧಿಯಾಗಿ ಬಳಸಿತು. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ ಆರು ರೋಗಿಗಳ ವಿವರ ಪ್ರಕಟಿಸಿದ. ಅವರಲ್ಲಿ ಕೆಲವರನ್ನು ಅವನು ಕಂಡದ್ದು ಬೀದಿಯಲ್ಲಿ. ನಡುಕವಿಲ್ಲದೆಯೂ ಈ ರೋಗ ಇರಬಹುದೆಂದು ತೋರಿಸಿ, ಅದಕ್ಕೆ ಪಾರ್ಕಿನ್‌ಸನ್ನನ ಹೆಸರು ಸಲ್ಲುವಂತೆ ಮಾಡಿದವನು ಪ್ಯಾರಿಸ್ಸಿನ ನರರೋಗ ತಜ್ಞ ಶಾರ್ಕೊ. 1937ರಲ್ಲಿ ಮದರಾಸಿನ ವಿಜ್ಞಾನಿಗಳಾದ ದಾಮೋದರನ್ ಮತ್ತು ರಾಮಸ್ವಾಮಿ ನಸುಗುನ್ನಿ ಬೀಜದಿಂದ ಲೆವೊಡೋಪಾ ಬೇರ್ಪಡಿಸಿದರು. ರೋಗಿಗಳ ಮಿದುಳಿನಲ್ಲಿ ಡೋಪಮೀನ್ ಕೊರತೆ ಇರುವುದು 1960ರಲ್ಲಿ ತಿಳಿದ ಮೇಲೆ, ಮಿದುಳಿನಲ್ಲಿ ಡೋಪಮೀನ್ ಆಗಿ ಬದಲಾಗುವ ಈ ಲೆವೊಡೋಪಾ ಮುಖ್ಯ ಮದ್ದಾಯಿತು.

ಕೇರಳದಲ್ಲಿ: 2011ರ ಜನಗಣತಿಯಂತೆ ಅರುವತ್ತು ದಾಟಿದವರು ಕೇರಳದಲ್ಲಿ ಶೇ. 12.6, ದೇಶದಲ್ಲಿ ಶೇ. 8.6. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ 1980ರಲ್ಲಿ ರಾಷ್ಟ್ರೀಯ ಮಹತ್ವದ ಸಂಸ್ಥೆಯಾಯಿತು. ಚಲನದೋಷಗಳಿಗೆಂದೇ ಅಲ್ಲಿ ವಿಶೇಷ ಕೇಂದ್ರವಿದೆ; ಮಿದುಳಿನೊಳಗೆ ಎಲೆಕ್ಟ್ರೋಡ್ ಇರಿಸುವ ಡಿಬಿಎಸ್ ಶಸ್ತ್ರಚಿಕಿತ್ಸೆಯೂ ನಡೆಯುತ್ತದೆ. ಕೊಚ್ಚಿಯಲ್ಲಿ 1998ರಲ್ಲಿ ಆರಂಭವಾದ ಅಮೃತಾ ಆಸ್ಪತ್ರೆಯಲ್ಲಿ ನರರೋಗ ವಿಭಾಗವಿದೆ. ಮಕ್ಕಳು ಕೊಲ್ಲಿ ದೇಶಗಳಲ್ಲಿರುವ ಮನೆಗಳು ಕೇರಳದಲ್ಲಿ ಬಹಳ. ಜೊತೆಗಿರುವವರು ವಯಸ್ಸಿನ ಮೇಲೆ ಹಾಕಿ ಸುಮ್ಮನಾದ ಬದಲಾವಣೆ ರಜೆಗೆ ಬಂದ ಮಗಳ ಕಣ್ಣಿಗೆ ಥಟ್ಟನೆ ಬೀಳಬಹುದು.

ಲಕ್ಷಣಗಳು: ಸಾಮಾನ್ಯವಾಗಿ ಒಂದೇ ಪಕ್ಕದಲ್ಲಿ ಶುರುವಾಗುತ್ತವೆ. ಮಡಿಲಲ್ಲಿ ಸುಮ್ಮನಿಟ್ಟ ಕೈ ನಡುಗಿ, ಲೋಟ ಎತ್ತಿಕೊಂಡಾಗ ನಡುಕ ತಗ್ಗುತ್ತದೆ. ಎತ್ತುವಾಗಲೇ ಹೆಚ್ಚು ನಡುಗಿದರೆ ಕಾರಣ ಬೇರೆ ಇರಬಹುದು. ನಡೆಯುವಾಗ ಒಂದು ಕೈ ಬೀಸುವುದಿಲ್ಲ. ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯುತ್ತದೆ. ಬರೆಯುತ್ತ ಹೋದಂತೆ ಅಕ್ಷರ ಕಿರಿದಾಗುತ್ತದೆ. ದನಿ ತಗ್ಗುತ್ತದೆ, ಮುಖದಲ್ಲಿ ಭಾವ ಕಡಿಮೆಯಾಗುತ್ತದೆ. ವಾಸನೆ ತಿಳಿಯದಿರುವುದು, ಮಲಬದ್ಧತೆ, ಕನಸಿನಲ್ಲಿ ಕೂಗಿ ಕೈಕಾಲು ಬಡಿಯುವುದು ವರ್ಷಗಳ ಮೊದಲೇ ಬಂದಿರಬಹುದು. ಇವುಗಳಲ್ಲಿ ಒಂದನ್ನೇ ಕಂಡು ರೋಗವೆಂದು ತೀರ್ಮಾನಿಸಲಾಗದು.

ನಿರ್ಣಯ: ಇದನ್ನು ಖಚಿತಪಡಿಸುವ ಸರಳ ರಕ್ತಪರೀಕ್ಷೆ ವಾಡಿಕೆಯಲ್ಲಿಲ್ಲ, ಇಂದಿಗೂ ವೈದ್ಯರು ಮುಖ್ಯವಾಗಿ ರೋಗಿಯ ನಡೆ ನೋಡಿ, ಮನೆಯವರ ಮಾತು ಕೇಳಿ ನಿರ್ಧರಿಸುತ್ತಾರೆ. ತಲೆಸುತ್ತು, ವಾಂತಿ, ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಔಷಧಿಗಳೂ ಇದೇ ಲಕ್ಷಣ ತರಬಲ್ಲವು. ಆದ್ದರಿಂದ ತಂದೆತಾಯಿ ನುಂಗುವ ಎಲ್ಲ ಮಾತ್ರೆಗಳ ಚೀಟಿ, ಅವರ ನಡಿಗೆಯ ಮೊಬೈಲ್ ವಿಡಿಯೊ ಜೊತೆಗೊಯ್ದು ನರರೋಗ ತಜ್ಞರನ್ನು ಕಾಣಬೇಕು; ಯಾವ ಮಾತ್ರೆಯನ್ನೂ ತಾವಾಗಿ ನಿಲ್ಲಿಸಬಾರದು.