ಅಡ್ಡಹೆಸರು ಸುರಪುರ, ವಿಳಾಸ ಟೆಕ್ಸಸ್: ದೂರದಲ್ಲಿ ಕೂತು ಮನೆತನದ ಬೇರು ಹುಡುಕೋದು ಹೇಗೆ?

‘ಸುರಪುರ’ ಅನ್ನೋ ಅಡ್ಡಹೆಸರಿನವರನ್ನು ಹುಡುಕಬೇಕಾದರೆ ಸುರಪುರಕ್ಕೆ ಹೋಗಬೇಡಿ. ಹುಬ್ಬಳ್ಳಿಗೋ ಸೊಲ್ಲಾಪುರಕ್ಕೋ ಹೋಗಿ. ಊರಲ್ಲೇ ಇರುವವನನ್ನು ಊರಿನ ಹೆಸರಿನಿಂದ ಯಾರೂ ಕರೆಯಲ್ಲ. ಬಿಟ್ಟು ಹೋದವನಿಗೆ, ಹೋದ ಊರಿನವರು ಅಂಟಿಸುವ ಗುರುತು ಅದು. ಹಾಗಾಗಿ ರಂಗಂಪೇಟಿ, ಕೆಂಭಾವಿ, ಸಗರ, ಹುಣಸಗಿ ಇಂಥ ಅಡ್ಡಹೆಸರು ನಿಮ್ಮ ಪಾಸ್‌ಪೋರ್ಟಿನಲ್ಲಿದ್ದರೆ ಅದು ಹೇಳುವುದು ಇಷ್ಟೇ: ಯಾವುದೋ ಕಾಲದಲ್ಲಿ ನಿಮ್ಮ ಮನೆಯವರು ಆ ಊರು ಬಿಟ್ಟಿದ್ದಾರೆ. ಮರಾಠಿ ಸೀಮೆಗೆ ಹೋದವರಾದರೆ ಕೊನೆಗೊಂದು ‘ಕರ’ ಸೇರಿ ಸುರಪುರಕರ ಆಗಿರಬಹುದು.

ಪೋಲೆಂಡಿನ ‘ಸ್ಕಿ’ ಕೂಡ ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ. ವಿಷ್ನೆವ್‌ಸ್ಕಿ ಎಂದರೆ ವಿಷ್ನೆವೊ ಊರಿನವ. ಕೊವಾಲ್‌ಸ್ಕಿಯಲ್ಲಿ ಇರುವ ‘ಕೊವಾಲ್’ ಅಂದರೆ ಕಮ್ಮಾರ, ನಮ್ಮ ಕಂಬಾರನೇ. ಪೋಲೆಂಡ್ ಮೂಲದ ಅಮೆರಿಕನ್ನರಿಗೆ ಪೂರ್ವಜರನ್ನು ಹುಡುಕುವುದು ದೊಡ್ಡ ಹವ್ಯಾಸ. ಅವರ ದೇಶ 1795ರಿಂದ 1918ರವರೆಗೆ ಭೂಪಟದಲ್ಲೇ ಇರಲಿಲ್ಲ, ಮೂರು ಸಾಮ್ರಾಜ್ಯಗಳು ಹಂಚಿಕೊಂಡಿದ್ದವು. ರಷ್ಯಾದ ಪಾಲಿನಲ್ಲಿ 1868ರಿಂದ ಜನನ-ಮರಣದ ದಾಖಲೆ ರಷ್ಯನ್ ಭಾಷೆಯಲ್ಲಿ, ಬೇರೆ ಭಾಗಗಳಲ್ಲಿ ಜರ್ಮನ್, ಲ್ಯಾಟಿನ್. ಆದರೂ ಚರ್ಚಿನ ಪುಸ್ತಕಗಳು ಉಳಿದಿದ್ದರಿಂದ ಶಿಕಾಗೋದಲ್ಲಿ ಕೂತವರಿಗೂ ಮುತ್ತಜ್ಜಿಯ ಮದುವೆ ದಿನಾಂಕ ಸಿಗುತ್ತದೆ. (ಅಂದಹಾಗೆ 1943ರಿಂದ 1948ರವರೆಗೆ ಸುಮಾರು 5,000 ಪೋಲಿಷ್ ನಿರಾಶ್ರಿತರು ನಮ್ಮ ಬೆಳಗಾವಿಗೆ ಹತ್ತಿರದ ಕೊಲ್ಹಾಪುರದ ವಳಿವಡೆಯಲ್ಲಿ ಇದ್ದರು.)

ನಮ್ಮ ಕಡೆ ಚರ್ಚ್ ಪುಸ್ತಕ ಇಲ್ಲ. ಆದರೆ ಆಳುವವರು ಬದಲಾಗಿ ಭಾಷೆ ಬದಲಾಗುವ ತೊಂದರೆ ಮಾತ್ರ ಹಾಗೇ ಇದೆ. ಸುರಪುರ ನಾಯಕ ಅರಸರ ಸಂಸ್ಥಾನ. 1840ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಇಲ್ಲಿದ್ದು ಆಡಳಿತ ನೋಡಿಕೊಂಡ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕ ದಂಗೆ ಎದ್ದು ಪ್ರಾಣ ಕಳೆದುಕೊಂಡ. 1860ರಲ್ಲಿ ಸಂಸ್ಥಾನವನ್ನು ಬ್ರಿಟಿಷರು ನಿಜಾಮನಿಗೆ ಕೊಟ್ಟರು. ನಿಜಾಮನ ಕಚೇರಿ ಭಾಷೆ ಮೊದಲು ಪರ್ಷಿಯನ್, 1880ರ ದಶಕದಿಂದ ಉರ್ದು. 1948ರಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು, 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಬಂತು. ಅಂದರೆ ಒಂದೇ ಹೊಲದ ಕಾಗದ ಮುತ್ತಜ್ಜನ ಕಾಲದಲ್ಲಿ ಉರ್ದು, ಅಪ್ಪನ ಕಾಲದಲ್ಲಿ ಕನ್ನಡ. ಮೊಮ್ಮಗನಿಗೆ ಉರ್ದು ಓದಲು ಬರಲ್ಲ, ಕಾಗದ ಟ್ರಂಕಿನಲ್ಲೇ ಉಳಿಯುತ್ತದೆ.

ಜಿಲ್ಲೆಯೂ ನಿಂತಲ್ಲಿ ನಿಂತಿಲ್ಲ. 1905ರ ಮೊದಲು ಸುರಪುರ ಇದ್ದದ್ದು ಲಿಂಗಸುಗೂರು ಜಿಲ್ಲೆಯಲ್ಲಿ. ಆಮೇಲೆ ಗುಲಬರ್ಗಾ, 2010ರಿಂದ ಯಾದಗಿರಿ. ಇಂಗ್ಲಿಷಿನಲ್ಲಿ ಹುಡುಕುವಾಗ ಇನ್ನೊಂದು ಬಲೆ ಇದೆ. ಹಳೆಯ ದಾಖಲೆಗಳಲ್ಲಿ ಊರಿನ ಹೆಸರು ‘ಶೋರಾಪುರ್’. ಅದು ಶೋಲಾಪುರದ ಜೊತೆ ಕಲಸಿಹೋಗುತ್ತದೆ. ರಂಗಂಪೇಟೆ ಅಂತ ಹಾಕಿದರೆ ಗೋದಾವರಿ ಸೀಮೆಯ ಆಂಧ್ರದ ರಂಗಂಪೇಟ ಎದುರಿಗೆ ಬರುತ್ತದೆ. ಕಾಗುಣಿತ ನಾಲ್ಕು ಥರ ಬದಲಿಸಿ, ಜೊತೆಗೆ ಆ ಕಾಲದ ಜಿಲ್ಲೆಯ ಹೆಸರು ಸೇರಿಸಿ ಹುಡುಕಿ. ಸಂಸ್ಥಾನದ ವಿಷಯವಾದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ತಾಣ, ಲಂಡನ್ನಿನ ಬ್ರಿಟಿಷ್ ಲೈಬ್ರರಿ. ನಿಜಾಮ್ ಕಾಲದ್ದಾದರೆ ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ಪತ್ರಾಗಾರ. ಅಲ್ಲಿ ಅರಸರು, ಜಾಗೀರುದಾರರು, ವತನದಾರರು ಸಿಗುತ್ತಾರೆ. ಕೂಲಿ ಮಾಡಿದವರ ಹೆಸರು ಸಿಗೋದು ಅಪರೂಪ.

ಉರ್ದು ಕಾಗದದಲ್ಲಿ ‘1357’ ಅಂತ ವರ್ಷ ಕಂಡರೆ ಗಾಬರಿ ಬೇಡ, ಅದು ಫಸಲಿ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರು. 590 ಕೂಡಿಸಿ, ಜನವರಿ ನಂತರದ ತಿಂಗಳಾದರೆ 591. 1357 ಅಂದರೆ 1947-48, ಪೊಲೀಸ್ ಕಾರ್ಯಾಚರಣೆಯ ವರ್ಷ.

ಅಡ್ಡಹೆಸರು ಊರಿನದಲ್ಲ, ಹುದ್ದೆಯದಾದರೆ ಕಥೆ ಇನ್ನೂ ಸ್ವಾರಸ್ಯ. ಕಲ್ಯಾಣ ಕರ್ನಾಟಕದಲ್ಲಿ ‘ಪೊಲೀಸ್ ಪಾಟೀಲ’, ‘ಮಾಲಿಪಾಟೀಲ’ ಅಂತ ಅಡ್ಡಹೆಸರು ಕೇಳಿರ್ತೀರಿ. ಮಾಲಿಪಾಟೀಲರ ಪೂರ್ವಜರು ಮಾಲಿಗಳಲ್ಲ! ಹೈದರಾಬಾದ್ ಸಂಸ್ಥಾನದ ಹಳ್ಳಿಯಲ್ಲಿ ಪಟೇಲಿಕೆ ಎರಡು ಹೋಳಾಗಿತ್ತು: ಕಾನೂನು-ಶಿಸ್ತಿಗೆ ಪೊಲೀಸ್ ಪಟೇಲ, ಕಂದಾಯಕ್ಕೆ ಮಾಲಿ ಪಟೇಲ. ‘ಮಾಲ್’ ಅಂದರೆ ಕಂದಾಯ. ನಿಮ್ಮ ಮನೆ ಈ ಹೆಸರಿನದಾದರೆ ಹಳ್ಳಿಯ ಕಂದಾಯ ಕಡತದಲ್ಲಿ ಅಜ್ಜ ಸಿಗುವ ಸಾಧ್ಯತೆ ಬೇರೆಯವರಿಗಿಂತ ಎಷ್ಟೋ ಹೆಚ್ಚು. ಇನಾಮದಾರ, ಜಮಾದಾರ ಇಂಥವು ಹಿಂದೂ ಮುಸ್ಲಿಂ ಎರಡೂ ಮನೆಗಳಲ್ಲಿವೆ, ಯಾಕಂದರೆ ಅವು ಹುದ್ದೆ-ಹಕ್ಕಿನ ಹೆಸರುಗಳು. ಅಡ್ಡಹೆಸರು ನೋಡಿ ಧರ್ಮ ಹೇಳ್ತೀನಿ, ಜಾತಿ ಹೇಳ್ತೀನಿ ಅನ್ನುವವರು ಇಲ್ಲಿ ಸ್ವಲ್ಪ ನಿಲ್ಲಬೇಕು.

ಇದು ಬರೀ ಕುತೂಹಲದ ಮಾತಲ್ಲ. ‘ತಳವಾರ’ ತೆಗೆದುಕೊಳ್ಳಿ. ಹಳ್ಳಿ ಕಾಯುವ ಕೆಲಸದ ಹೆಸರು ಅದು, ಬೇರೆ ಬೇರೆ ಜಾತಿಯವರು ಮಾಡಿದ ಕೆಲಸ. 2020ರಲ್ಲಿ ಸಂಸತ್ತು ಕರ್ನಾಟಕದ ಪರಿಶಿಷ್ಟ ಪಂಗಡ ಪಟ್ಟಿಯಲ್ಲಿ ನಾಯಕ ಜೊತೆಗೆ ಪರಿವಾರ, ತಳವಾರ ಪದಗಳನ್ನು ಸೇರಿಸಿತು. ಅಲ್ಲಿಂದ ಯಾದಗಿರಿ, ಕಲಬುರಗಿ ಭಾಗದಲ್ಲಿ ಜಗಳ ಇರೋದೇ ಇದು: ಕಬ್ಬಲಿಗ-ಕೋಲಿ ಮನೆಗಳ ತಳವಾರರೂ ಆ ಪ್ರಮಾಣಪತ್ರಕ್ಕೆ ಅರ್ಹರೋ, ನಾಯಕ ಸಮುದಾಯದ ತಳವಾರರು ಮಾತ್ರವೋ? ಮುತ್ತಜ್ಜನ ಹೆಸರಿನ ಮುಂದೆ ಶಾಲೆಯ ಮಾಸ್ತರರು ಏನು ಬರೆದರು ಅನ್ನೋದರ ಮೇಲೆ ಮೊಮ್ಮಗಳ ಸೀಟು ನಿಂತಿದೆ. 371ಜೆ ಅಡಿಯ ಅರ್ಹತಾ ಪ್ರಮಾಣಪತ್ರಕ್ಕೂ ಈ ಭಾಗದ ಹುಟ್ಟು ಅಥವಾ ವಾಸ ತೋರಿಸಬೇಕು. ಹೊರದೇಶದವರಿಗೆ ಒಸಿಐ ಕಾರ್ಡು: ಭಾರತೀಯ ನಾಗರಿಕರ ಮರಿಮಕ್ಕಳವರೆಗೆ ಸಿಗುತ್ತದೆ, ಆದರೆ ಆ ಕೊಂಡಿಗೆ ಕಾಗದ ಬೇಕು. ಇನ್ನು 2025ರಲ್ಲಿ ಬಿಹಾರದ ಮತದಾರರ ಪಟ್ಟಿ ಪರಿಷ್ಕರಣೆಯಲ್ಲಿ 2003ರ ಪಟ್ಟಿಯಲ್ಲಿ ಹೆಸರಿಲ್ಲದವರು ಏನೇನು ದಾಖಲೆ ಹೊಂದಿಸಬೇಕಾಯ್ತು ಅಂತ ನೋಡಿದ್ದೀರಲ್ಲ.

ಹಾಗಾದರೆ ಕಾಗದ ಎಲ್ಲಿದೆ? ಜನನ ಪ್ರಮಾಣಪತ್ರದ ಆಸೆ ಬಿಡಿ. ಜನನ-ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಶಾಲೆಯ ದಾಖಲಾತಿ ರಿಜಿಸ್ಟರ್ ಒಳ್ಳೆಯ ಆಕರ, ಅಪ್ಪನ ಹೆಸರು, ಜಾತಿ, ಊರು ಮೂರೂ ಇರುತ್ತದೆ. ಹುಟ್ಟಿದ ದಿನಾಂಕ ಜೂನ್ 1 ಅಂತಿದ್ದರೆ ಮಾತ್ರ ನಂಬಬೇಡಿ. ಅದು ಮಾಸ್ತರರು ಕೊಟ್ಟ ಹುಟ್ಟುಹಬ್ಬ, ಅರ್ಧ ಕರ್ನಾಟಕ ಅವತ್ತೇ ಹುಟ್ಟಿದೆ. ಜನಗಣತಿಯ ಹಾಳೆ ಸಿಗಲ್ಲ. ಅಮೆರಿಕದಲ್ಲಿ 72 ವರ್ಷಕ್ಕೆ ಅದನ್ನು ತೆರೆಯುತ್ತಾರೆ, ನಮ್ಮ 1948ರ ಜನಗಣತಿ ಕಾಯ್ದೆ ವೈಯಕ್ತಿಕ ವಿವರ ನೋಡಲು ಬಿಡುವುದಿಲ್ಲ.

ಉಳಿಯುವುದು ಭೂಮಿ. ಹಳೆ ಪಹಣಿ, ಹೈದರಾಬಾದ್ ಕಾಲದ ಸೇತವಾರ್, 1954-55ರ ಖಾಸ್ರಾ ಪಹಣಿ, ಇವೆಲ್ಲ ತಹಶೀಲ್ದಾರ್ ಕಚೇರಿಯ ರೆಕಾರ್ಡ್ ರೂಮಿನ ಸರಕು. ‘ಭೂ ಸುರಕ್ಷಾ’ ಯೋಜನೆಯಲ್ಲಿ ಹಳೆಯ ಕಡತಗಳ ಸ್ಕ್ಯಾನಿಂಗ್ ನಡೆಯುತ್ತಿದೆ. ಭೂಮಿ ಇಲ್ಲದ ಮನೆಯಾದರೂ ಕೈಬಿಡಬೇಡಿ: 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಗೇಣಿದಾರರು ಕೊಟ್ಟ ಫಾರಂ ನಂಬರ್ 7 ಅರ್ಜಿಗಳಲ್ಲಿ ಬೇರೆಲ್ಲೂ ಇಲ್ಲದ ಹೆಸರುಗಳಿವೆ. ಖರೀದಿ ಪತ್ರದ ಚಕ್ಕುಬಂದಿಯನ್ನೂ ಓದಿ, ಪಕ್ಕದ ಹೊಲದವರ ಹೆಸರಿರುತ್ತದೆ. ನಿಮ್ಮವರು ಊರು ಬಿಟ್ಟಿದ್ದರೂ ಪಕ್ಕದ ಹೊಲದವರು ಅಲ್ಲೇ ಇರಬಹುದು. ಮುಸ್ಲಿಂ ಮನೆಗಳಿಗೆ ಖಾಜಿಗಳ ಬಳಿಯ ನಿಕಾಹ್ ದಾಖಲೆ ಇನ್ನೊಂದು ದಾರಿ. ಒಂದು ಎಚ್ಚರಿಕೆ: ಮಾಹಿತಿ ಹಕ್ಕು ಕಾಯ್ದೆ ಭಾರತದ ನಾಗರಿಕರಿಗೆ ಮಾತ್ರ. ಅಮೆರಿಕದ ಪಾಸ್‌ಪೋರ್ಟ್ ತಗೊಂಡಿದ್ದರೆ ಅರ್ಜಿಯನ್ನು ಊರಿನ ಸೋದರಸಂಬಂಧಿಯ ಹೆಸರಿನಲ್ಲಿ ಹಾಕಿಸಬೇಕು.

ಕಾಗದಕ್ಕಿಂತ ಹಿಂದಕ್ಕೆ ಹೋಗಬೇಕಂದ್ರೆ ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಬಂದು, ಮನೆ ಮುಂದೆ ನಿಂತು ವಂಶಾವಳಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳು-ಕಾಣಿಕೆ ತಗೊಂಡು ಹೋಗುವವರು. ಯಾವ ಹಳ್ಳಿ ಯಾವ ಹೆಳವ ಮನೆತನಕ್ಕೆ ಅಂತ ಹಂಚಿಕೆ ಇರುತ್ತದೆ, ಹಾಗಾಗಿ ‘ನಮ್ಮ ಹೆಳವ ಯಾರು’ ಅಂತ ಕೇಳಿದರೆ ಉತ್ತರ ಸಿಗುತ್ತದೆ. ಮನೆ ಮೊದಲು ಯಾವ ಊರಿನಿಂದ ಬಂತು, ಯಾವಾಗ ಒಡೆಯಿತು ಅನ್ನೋದು ಅವರ ಪುಸ್ತಕದಲ್ಲಿರುತ್ತದೆ. ಎಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಬ್ಯಾಕಪ್ ಇಲ್ಲದೆ ಇಷ್ಟು ತಲೆಮಾರು ನಡೆದ ಡೇಟಾಬೇಸ್ ಇನ್ನೊಂದಿಲ್ಲ. ಆದರೆ ಅದರ ಮಿತಿಯೂ ಗೊತ್ತಿರಲಿ. ಹೆಳವರು ಎಲ್ಲ ಜಾತಿಯ ಮನೆಗೂ ಹೋಗುವವರಲ್ಲ. ಬರೆಯುವುದು ಮುಖ್ಯವಾಗಿ ಗಂಡುಮಕ್ಕಳ ಸಾಲು.

ಈ ಕೊನೆಯ ರೋಗ ಸರ್ಕಾರಿ ವಂಶವೃಕ್ಷಕ್ಕೂ ಇದೆ. ಪೌತಿ ಖಾತೆಗೆ ಮನೆಯವರೇ ಬರೆದುಕೊಡುವ ಆ ಮರದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಕೊಂಬೆ ಎಷ್ಟೋ ಸಲ ಕತ್ತರಿಸಿಹೋಗಿರುತ್ತದೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿದೆ. ದೇವದಾಸಿ ಪದ್ಧತಿಗೆ ಸಿಕ್ಕ ಮನೆಗಳ ಮಕ್ಕಳಿಗಂತೂ ‘ತಂದೆಯ ಹೆಸರು’ ಅನ್ನುವ ಕಾಲಮ್ಮೇ ಗೋಡೆ, 1982ರ ನಿಷೇಧ ಕಾಯ್ದೆ ಬಂದ ಮೇಲೂ. ಅಜ್ಜಿಯ ತವರು ಹುಡುಕುವವರು ಹಾಗಾಗಿ ಎರಡು ಊರಿನ ಕಡತ ನೋಡಬೇಕು, ಅಜ್ಜಿಯ ಅಣ್ಣತಮ್ಮಂದಿರ ಸಾಲಿನಿಂದ ಹಿಂದಕ್ಕೆ ಹೋಗಬೇಕು.

ಡಿಎನ್‌ಎ ಕಿಟ್ ಬಗ್ಗೆ ಕೇಳ್ತೀರಿ ಅಂತ ಗೊತ್ತು. ಅದು ‘ದಕ್ಷಿಣ ಭಾರತ’ ಅಂತ ಹೇಳುತ್ತೆ, ಅದು ನಿಮಗೆ ಮೊದಲೇ ಗೊತ್ತಿತ್ತು. ಒಳಜಾತಿಯಲ್ಲೇ, ಸೋದರಮಾವನ ಮನೆಯಲ್ಲೇ ಮದುವೆಯಾದ ಸಮಾಜದಲ್ಲಿ ದೂರದ ನೆಂಟರೂ ಹತ್ತಿರದವರ ಹಾಗೆ ಕಾಣುತ್ತಾರೆ. ಆ ದುಡ್ಡಿನಲ್ಲಿ ಊರಿಗೆ ಫೋನ್ ಮಾಡಿ. ಕೇಳಬೇಕಾದ್ದು ‘ನಮ್ಮ ಇತಿಹಾಸ ಹೇಳಿ’ ಅಂತಲ್ಲ. ಮನೆದೇವರು ಯಾವುದು, ಬೆಡಗು ಯಾವುದು, ರಂಗಂಪೇಟೆಯಲ್ಲಿ ಯಾವ ಓಣಿ, ಹೊಲದ ಸರ್ವೆ ನಂಬರ್ ಏನು, ಅಜ್ಜಿ ಯಾವೂರಿನವರು ಅಂತ ಕೇಳಿ. ಆ ಕಡೆಯಿಂದ ಬರುವ ಮೊದಲ ಪ್ರಶ್ನೆ ‘ನೀವು ಯಾರ ಪೈಕಿರೀ?’ ಅಂತಲೇ ಇರುತ್ತದೆ. ಅದಕ್ಕೆ ಅಡ್ಡಹೆಸರು ಹೇಳಬೇಡಿ, ಅಜ್ಜನ ಹೆಸರು ಹೇಳಿ.