ಬಿ ಫಾರಂಗೆ ಸಹಿ ಹಾಕೋದು ಯಾರು? ಸಣ್ಣ ಪಕ್ಷದ ಅಭ್ಯರ್ಥಿ ಆಯ್ಕೆ ಮತ್ತು ಕೆಜಿಎಫ್ ಪಾಠ

ಕೆಜಿಎಫ್ ಅಂದ್ರೆ ನಿಮಗೆ ಸಿನಿಮಾ ನೆನಪಾಗಬಹುದು. ನನಗೆ ನೆನಪಾಗೋದು ಅಲ್ಲಿಂದ ಗೆದ್ದ ಶಾಸಕರ ಪಟ್ಟಿ.

1983ರಲ್ಲಿ ಎಐಎಡಿಎಂಕೆಯ ಎಂ. ಭಕ್ತವತ್ಸಲಂ. 1985ರಲ್ಲಿ ಸಿಪಿಎಂನ ಟಿ.ಎಸ್. ಮಣಿ. 1989ರಲ್ಲಿ ಮತ್ತೆ ಭಕ್ತವತ್ಸಲಂ. 1994ರಲ್ಲಿ ರಿಪಬ್ಲಿಕನ್ ಪಾರ್ಟಿಯ (ಆರ್‌ಪಿಐ) ಎಸ್. ರಾಜೇಂದ್ರನ್. 1999ರಲ್ಲಿ ಇನ್ನೊಮ್ಮೆ ಭಕ್ತವತ್ಸಲಂ, 2004ರಲ್ಲಿ ಇನ್ನೊಮ್ಮೆ ರಾಜೇಂದ್ರನ್. ಆರು ಚುನಾವಣೆ ನಡೆದರೂ ಕಾಂಗ್ರೆಸ್, ಜನತಾ ಪರಿವಾರ, ಬಿಜೆಪಿ ಯಾರೂ ಗೆಲ್ಲಲಿಲ್ಲ. ಕರ್ನಾಟಕದ ಮಟ್ಟಿಗೆ ಸಣ್ಣವು ಅನ್ನಿಸಿಕೊಂಡ ಪಕ್ಷಗಳೇ ಇಪ್ಪತ್ತೈದು ವರ್ಷ ಈ ಊರನ್ನು ಆಳಿದವು.

ಹಾಗಾದ್ರೆ ಸಣ್ಣ ಪಕ್ಷವೊಂದು ತನ್ನ ಅಭ್ಯರ್ಥಿಯನ್ನು ಹೇಗೆ ಆರಿಸುತ್ತೆ? ಕಾನೂನು ಏನು ಹೇಳುತ್ತೆ, ಏನು ಹೇಳೋದೇ ಇಲ್ಲ ಅಂತ ನೋಡೋಣ.

ಕಾನೂನು ಕೇಳೋದು ಇಷ್ಟೇ

ಮೊದಲು ಎ ಫಾರಂ. ಅಭ್ಯರ್ಥಿಗಳ ಹೆಸರು ತಿಳಿಸುವ ಅಧಿಕಾರ ಯಾರಿಗಿದೆ ಅಂತ ಪಕ್ಷ ಇದರಲ್ಲಿ ಹೇಳುತ್ತೆ, ಅವರ ಮಾದರಿ ಸಹಿಯೂ ಇರುತ್ತೆ. ಆಮೇಲೆ ಬಿ ಫಾರಂ. ನಮ್ಮ ಅಭ್ಯರ್ಥಿ ಇವರು, ಇವರ ನಾಮಪತ್ರ ತಿರಸ್ಕೃತವಾದ್ರೆ ಬದಲಿಗೆ ಇವರು ಅಂತ ಆ ಅಧಿಕೃತ ವ್ಯಕ್ತಿ ಬರೆದು ಸಹಿ ಹಾಕ್ತಾರೆ. ನಾಮಪತ್ರ ಸಲ್ಲಿಕೆಯ ಕೊನೇ ದಿನ ಮಧ್ಯಾಹ್ನ 3 ಗಂಟೆಯೊಳಗೆ ಎರಡೂ ಚುನಾವಣಾಧಿಕಾರಿಯ ಕೈ ಸೇರಬೇಕು. ಸಹಿ ಶಾಯಿಯದ್ದೇ ಆಗಿರಬೇಕು, ಜೆರಾಕ್ಸ್, ರಬ್ಬರ್ ಸ್ಟಾಂಪ್ ನಡೆಯಲ್ಲ.

ಸಹಿಯ ಶಾಯಿಯನ್ನೂ ಪರಿಶೀಲಿಸುವ ನಿಯಮ, ಆ ಹೆಸರು ಹೇಗೆ ಬಂತು ಅಂತ ಕೇಳೋದಿಲ್ಲ. ಎಂಜಿನಿಯರಿಂಗ್ ಓದಿದ ನನಗೆ ಇದು ಔಟ್‌ಪುಟ್ ಮಾತ್ರ ಟೆಸ್ಟ್ ಮಾಡಿ, ಒಳಗಿನ ಪ್ರಕ್ರಿಯೆಗೆ ಬೀಗ ಹಾಕಿದ ಯಂತ್ರದ ಥರ ಕಾಣುತ್ತೆ. ಪಕ್ಷದ ಸಂವಿಧಾನದಲ್ಲಿ ಆಂತರಿಕ ಚುನಾವಣೆಯ ಉಲ್ಲೇಖ ಇರಲೇಬೇಕು ಅಂತ ಚುನಾವಣಾ ಆಯೋಗ ನೋಂದಣಿ ವೇಳೆ ಕೇಳುತ್ತೆ, ನಿಜ. ಆದ್ರೆ ಅದು ಪದಾಧಿಕಾರಿಗಳ ವಿಚಾರ, ಟಿಕೆಟ್‌ನದ್ದಲ್ಲ. ಮೇಲಾಗಿ, ಕೆಲವೇ ಅಪವಾದಗಳನ್ನು ಬಿಟ್ಟರೆ ಪಕ್ಷದ ನೋಂದಣಿ ರದ್ದು ಮಾಡುವ ಅಧಿಕಾರ ಆಯೋಗಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ.

ಸಣ್ಣವರಿಗೆ ಬೇರೆ ಅಳತೆ

ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಕ್ಷೇತ್ರದ ಒಬ್ಬ ಮತದಾರ ಸೂಚಕರಾದ್ರೆ ಸಾಕು. ಮಾನ್ಯತೆ ಇಲ್ಲದ ಪಕ್ಷದವರಿಗೆ ಹತ್ತು ಜನ ಬೇಕು. ಹತ್ತರಲ್ಲಿ ಒಬ್ಬರ ಹೆಸರು ಆ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಇಲ್ಲದಿದ್ರೂ ನಾಮಪತ್ರ ಬಿದ್ದುಹೋಗುತ್ತೆ. ಠೇವಣಿ ಎಲ್ಲರಿಗೂ ಒಂದೇ: ಪರಿಶಿಷ್ಟ ಜಾತಿಯ ಅಭ್ಯರ್ಥಿಗೆ 5,000 ರೂಪಾಯಿ. ಕೆಜಿಎಫ್, ಬಂಗಾರಪೇಟೆ ಎರಡೂ ಮೀಸಲು ಕ್ಷೇತ್ರಗಳಾದ್ದರಿಂದ ಇಲ್ಲಿ ಅನ್ವಯ ಆಗೋದು ಈ ಮೊತ್ತವೇ.

ದೊಡ್ಡ ಅಡ್ಡಿ ಚಿಹ್ನೆಯದ್ದು. ನೋಂದಾಯಿತ, ಆದ್ರೆ ಮಾನ್ಯತೆ ಇಲ್ಲದ ಪಕ್ಷಕ್ಕೆ ಒಂದೇ ಸಾಮಾನ್ಯ ಚಿಹ್ನೆ ಬೇಕು ಅಂದ್ರೆ ರಾಜ್ಯದ ಕನಿಷ್ಠ ಶೇ 5ರಷ್ಟು ಕ್ಷೇತ್ರಗಳಲ್ಲಿ ಅಭ್ಯರ್ಥಿ ನಿಲ್ಲಿಸಬೇಕು. 224 ಕ್ಷೇತ್ರಗಳ ಕರ್ನಾಟಕದಲ್ಲಿ ಅದು ಹನ್ನೊಂದರ ಆಸುಪಾಸು. ಒಂದೇ ಊರಲ್ಲಿ ಬೇರು ಬಿಟ್ಟ ಪಕ್ಷ ಚಿಹ್ನೆಗೋಸ್ಕರ ಗೊತ್ತಿಲ್ಲದ ಊರುಗಳಲ್ಲೂ ಜನರನ್ನು ಹುಡುಕಬೇಕು. ಇಲ್ಲದಿದ್ರೆ ಉಳಿದಿರೋ ಮುಕ್ತ ಚಿಹ್ನೆಗಳಲ್ಲಿ ಒಂದನ್ನು ಹಿಡಿದು ಎರಡೇ ವಾರದಲ್ಲಿ ಮನೆಮನೆಗೆ ಪರಿಚಯಿಸಬೇಕು.

ಎಐಎಡಿಎಂಕೆಗೆ ಈ ಕಷ್ಟ ಕಡಿಮೆ. ಒಂದು ರಾಜ್ಯದಲ್ಲಿ ಮಾನ್ಯತೆ ಪಡೆದ ಪಕ್ಷ ಬೇರೆ ರಾಜ್ಯದಲ್ಲೂ ತನ್ನ ಚಿಹ್ನೆ ಕೊಡಿ ಅಂತ ಆಯೋಗವನ್ನು ಕೇಳಬಹುದು. ಆದ್ರೆ ಆ ಪಕ್ಷದ ಕೇಂದ್ರ ಚೆನ್ನೈ.

ದೂರದ ಒಂದು ಉದಾಹರಣೆ

ಅಮೆರಿಕದ ಲಿಬರ್ಟೇರಿಯನ್ ಪಾರ್ಟಿಯೂ ಸಣ್ಣ ಪಕ್ಷವೇ. ಅದರ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸೋದು ರಾಜ್ಯಗಳಿಂದ ಸಮಾವೇಶಕ್ಕೆ ಬಂದ ಪ್ರತಿನಿಧಿಗಳು. ಅರ್ಧಕ್ಕಿಂತ ಹೆಚ್ಚು ಮತ ಯಾರಿಗೂ ಬರದಿದ್ರೆ ಕೊನೆಯವರನ್ನು ಕೈಬಿಟ್ಟು ಮತ್ತೆ ಮತದಾನ. ಮತಪತ್ರದಲ್ಲಿ ನಮ್ಮ ನೋಟಾ ಥರ ‘ಯಾರೂ ಬೇಡ’ ಅನ್ನೋ ಆಯ್ಕೆಯೂ ಇರುತ್ತೆ. 2024ರ ಮೇ ತಿಂಗಳಲ್ಲಿ ವಾಷಿಂಗ್ಟನ್‌ನಲ್ಲಿ ಚೇಸ್ ಆಲಿವರ್ ಆಯ್ಕೆಯಾಗಲು ಏಳು ಸುತ್ತು ಬೇಕಾಯ್ತು. ಕೊನೇ ಸುತ್ತಿನಲ್ಲಿ ಅವರ ಎದುರು ಉಳಿದಿದ್ದು ‘ಯಾರೂ ಬೇಡ’ ಮಾತ್ರ! ನವೆಂಬರ್‌ನಲ್ಲಿ ಅವರಿಗೆ ಸಿಕ್ಕಿದ್ದು ಶೇ 1ಕ್ಕಿಂತ ಕಡಿಮೆ ಮತ. ಅಂದ್ರೆ ಒಳಗಿನ ಪ್ರಜಾಪ್ರಭುತ್ವ ಹೊರಗಿನ ಗೆಲುವಿಗೆ ಗ್ಯಾರಂಟಿ ಅಲ್ಲ. ಆದ್ರೆ ಸೋತ ಮೇಲೂ ಆ ಹೆಸರು ತಮ್ಮದು ಅಂತ ಸದಸ್ಯರು ಹೇಳಬಹುದು.

ಕೆಜಿಎಫ್‌ನಲ್ಲಿ ಏನು ಬದಲಾಯ್ತು

ಇಲ್ಲಿ ಏಳು ಸುತ್ತಿನ ಮತದಾನ ಇರಲಿಲ್ಲ. ಗಣಿ ಇತ್ತು. ಒಂದೇ ಶಿಫ್ಟ್‌ನಲ್ಲಿ ಇಳಿದು ಹತ್ತುವವರು, ಒಂದೇ ಸಾಲು ಮನೆಯಲ್ಲಿ ಬದುಕುವವರು ಇದ್ದರು. ಕಾರ್ಮಿಕ ಸಂಘ ಇತ್ತು. ನಾಯಕರಾಗಬೇಕಾದವರು ದಿನಾ ಅದೇ ಜನರ ಮುಖ ನೋಡಬೇಕಿತ್ತು. ನನ್ನ ಪ್ರಕಾರ ಅದೇ ಇಲ್ಲಿನ ಅಘೋಷಿತ ಪ್ರೈಮರಿ.

2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಮಾರಿಕುಪ್ಪಂ ರೈಲು ಹತ್ತಿ, ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗೋದು ಊರಿನ ದಿನಚರಿ ಆಯ್ತು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಬೇತಮಂಗಲ ಕ್ಷೇತ್ರ ರದ್ದಾಗಿ, ಆ ಭಾಗದ ಹಳ್ಳಿಗಳು ಕೆಜಿಎಫ್‌ಗೆ ಸೇರಿದವು. ತಮಿಳು ಮಾತಾಡುವ ಗಣಿ ಊರಿನ ಒಗ್ಗಟ್ಟಿನ ಮತ ಮಾತ್ರ ಇನ್ನು ಸಾಲದಾಯ್ತು. ಅಂದಿನಿಂದ ಸಣ್ಣ ಪಕ್ಷ ಇಲ್ಲಿ ಗೆದ್ದಿಲ್ಲ.

ಆಮೇಲೆ ಬಂದ ಹೆಸರುಗಳನ್ನು ನೋಡಿ. 2008ರಲ್ಲಿ ಬಿಜೆಪಿಯ ವೈ. ಸಂಪಂಗಿ, 2013ರಲ್ಲಿ ಅವರ ತಾಯಿ ವೈ. ರಾಮಕ್ಕ ಗೆದ್ದರು. 2018, 2023ರಲ್ಲಿ ಬಿಜೆಪಿ ಕಣಕ್ಕಿಳಿಸಿದ್ದು ಸಂಪಂಗಿ ಅವರ ಮಗಳು ಅಶ್ವಿನಿಯನ್ನು. ಎರಡೂ ಸಲ ಗೆದ್ದವರು ಕಾಂಗ್ರೆಸ್‌ನ ರೂಪಕಲಾ, ಏಳು ಬಾರಿ ಕೋಲಾರದ ಸಂಸದರಾಗಿದ್ದ ಕೆ.ಎಚ್. ಮುನಿಯಪ್ಪ ಅವರ ಮಗಳು. ಪಕ್ಕದ ಬಂಗಾರಪೇಟೆಯಲ್ಲಿ 2008ರಲ್ಲಿ ಕಾಂಗ್ರೆಸ್‌ನಿಂದ ಗೆದ್ದ ಎಂ. ನಾರಾಯಣಸ್ವಾಮಿ, 2011ರ ಉಪಚುನಾವಣೆಯಲ್ಲಿ ಬಿಜೆಪಿ ಬಿ ಫಾರಂ ಹಿಡಿದು ಗೆದ್ದರು. ಎರಡೂ ಪಕ್ಷಗಳ ಬೂತ್ ಕಾರ್ಯಕರ್ತರ ಅಭಿಪ್ರಾಯ ಎಷ್ಟು ಲೆಕ್ಕಕ್ಕೆ ಬಂದಿರಬಹುದು?

ಇಷ್ಟು ಹೇಳಿ ಸಣ್ಣ ಪಕ್ಷಗಳನ್ನು ಹೊಗಳಿ ಮುಗಿಸೋದು ಸುಲಭ. ಆದ್ರೆ 1994ರಲ್ಲಿ ಗೆದ್ದ ರಾಜೇಂದ್ರನ್ ಅವರೇ 2023ರಲ್ಲೂ ಆರ್‌ಪಿಐ ಅಭ್ಯರ್ಥಿ. ಅವರ ಜನಪ್ರಿಯತೆ ಬಗ್ಗೆ ನನ್ನ ತಕರಾರಿಲ್ಲ. ಆದ್ರೆ ಮೂರು ದಶಕ ಒಂದೇ ಹೆಸರು ಅಂದ್ರೆ, ಮುಂದಿನ ಹೆಸರು ಹುಟ್ಟೋ ಜಾಗ ಯಾವುದು? ಗಣಿಯಂತೂ ಇಲ್ಲ.

ನಾವು ಕೇಳಬಹುದಾದ ಮೂರು ಪ್ರಶ್ನೆ

ಒಂದು: ನಿಮ್ಮ ಪಕ್ಷದ ಬಿ ಫಾರಂಗೆ ಸಹಿ ಹಾಕೋದು ಯಾರು, ಅವರನ್ನು ಆರಿಸಿದ್ದು ಯಾರು? ಎರಡು: ಟಿಕೆಟ್‌ಗೆ ಎಷ್ಟು ಜನ ಅರ್ಜಿ ಹಾಕಿದ್ರು? ಮೂರು: ಈ ಕ್ಷೇತ್ರದ ಸದಸ್ಯರು ಎಲ್ಲಾದ್ರೂ, ಯಾವತ್ತಾದ್ರೂ ಇದಕ್ಕಾಗಿ ಮತ ಹಾಕಿದ್ರಾ?

ದೊಡ್ಡ ಪಕ್ಷಕ್ಕೆ ಇಂಥ ಮತದಾನ ಲಕ್ಷಾಂತರ ಸದಸ್ಯರ ತಲೆನೋವು. ಸಣ್ಣ ಪಕ್ಷಕ್ಕೆ ಅದು ರಾಬರ್ಟ್‌ಸನ್‌ಪೇಟೆಯ ಒಂದು ಸಭಾಂಗಣದಲ್ಲಿ ಒಂದು ಭಾನುವಾರದ ಕೆಲಸ, ಯಾಕಂದ್ರೆ ವಾರದ ದಿನ ಎಲ್ಲರೂ ರೈಲಿನಲ್ಲಿರ್ತಾರೆ. ಕಾನೂನು ಹಾಗೆ ಮಾಡಿ ಅನ್ನಲ್ಲ, ಬೇಡ ಅಂತಲೂ ಅನ್ನಲ್ಲ. ಹತ್ತು ಸೂಚಕರನ್ನು ಹೇಗೂ ಹುಡುಕಲೇಬೇಕು. ಆ ಹತ್ತನ್ನು ಐನೂರು ಮಾಡಿ, ಸಹಿಯ ಬದಲು ಮತ ಕೇಳಿದ್ರೆ ಸಾಕು.